ತಿರುವಿನಲ್ಲಿ ಇಲ್ಲದ ಕ್ಯಾಮೆರಾ

ಮೂರನೆಯ ಸಲವೂ ಪೆಟ್ಟಿಗೆ ಕೂಗಲಿಲ್ಲ.

ಜೀಪು ಸೇತುವೆ ಇಳಿದು, ತಿರುವು ಹೊರಳಿ, ಹೊಸ ಡಾಂಬರಿನ ಕಪ್ಪು ತೇಪೆಯ ಮೇಲೆ ಹಾದು ಆಚೆ ಬದಿಯಲ್ಲಿ ನಿಂತಿತು. ಸೋಪಿನ ಡಬ್ಬಿಯಷ್ಟು ದೊಡ್ಡದಿದ್ದ ಆ ಅಲರ್ಟ್ ಪೆಟ್ಟಿಗೆ, ಸ್ಪೀಡ್ ಕ್ಯಾಮೆರಾ ಹತ್ತಿರ ಬಂದಾಗ ಚಾಲಕನನ್ನು ಎಚ್ಚರಿಸಬೇಕಾದದ್ದು, ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ದೀಪ ಹೊತ್ತಿಸಿಕೊಂಡು ಬಾಯಿಗೆ ಬೀಗ ಹಾಕಿಕೊಂಡಂತೆ ಕೂತಿತ್ತು.

"ತಪ್ಪು ಅದರದ್ದಲ್ಲ ಸಾರ್," ಎಂದಳು ಸ್ಟಿಯರಿಂಗ್ ಹಿಡಿದಿದ್ದ ಪೇದೆ. "ನಮ್ಮ ಜೀಪು ಓಡೋ ವೇಗಕ್ಕೆ ಕ್ಯಾಮೆರಾಕ್ಕೇ ಆಕಳಿಕೆ ಬರುತ್ತೆ."

ಪಕ್ಕದಲ್ಲಿದ್ದ ಇನ್ಸ್‌ಪೆಕ್ಟರ್ ಮೀಸೆಯಲ್ಲೇ ನಕ್ಕರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅವರು ಒಂದು ಫೈಲನ್ನೂ ಓಡಿಸಿದವರಲ್ಲ. ಠಾಣೆಯ ಜನ ಮೊದಮೊದಲು ಬೆನ್ನ ಹಿಂದೆ ನಿಧಾನಪ್ಪ ಎನ್ನುತ್ತಿದ್ದರು, ಬರಬರುತ್ತಾ ಎದುರಿಗೂ ಅದೇ ಹೆಸರಾಯಿತು. ಅವರು ಅದನ್ನು ಬೈಗುಳವೆಂದು ಎಣಿಸಲಿಲ್ಲ. ಬೆಳಗ್ಗೆ ಎದ್ದು ದೇವರನ್ನು ನೆನೆಯುವಾಗ ಅವರು ಕೇಳಿಕೊಳ್ಳುತ್ತಿದ್ದುದೂ ಅದೊಂದನ್ನೇ: ತಂದೆ, ಇವತ್ತು ಯಾರ ವಿಷಯದಲ್ಲೂ ನನ್ನಿಂದ ಆತುರ ಆಗದಿರಲಿ.

ಆದರೆ ಇವತ್ತು ಗಡಿಯಾರ ಅವರ ಮಾತು ಕೇಳುವಂತಿರಲಿಲ್ಲ. ನಿನ್ನೆ ಬೆಳಗ್ಗೆ ಹತ್ತು ಐವತ್ತಕ್ಕೆ ಇದೇ ತಿರುವಿನಲ್ಲಿ, ರಸ್ತೆಯ ಗುಂಡಿ ಮುಚ್ಚುತ್ತಿದ್ದ ಕೆಲಸಗಾರನೊಬ್ಬನಿಗೆ ಬಿಳಿ ವ್ಯಾನೊಂದು ಗುದ್ದಿ ನಿಲ್ಲದೆ ಹೋಗಿತ್ತು. ಸಂಜೆಯ ಹೊತ್ತಿಗೆ ಒಂದು ಬಿಳಿ ಬ್ರೆಡ್ ವ್ಯಾನು ಸಿಕ್ಕಿತು. ಅದರ ಮುಂದಿನ ದೀಪದ ಸುತ್ತ ಒಡೆದಿತ್ತು. ಅದರ ಚಾಲಕ ಈಗ ಲಾಕಪ್ಪಿನಲ್ಲಿದ್ದ. ಇವತ್ತು ಮಧ್ಯಾಹ್ನ ಮೂರಕ್ಕೆ ಅವನನ್ನು ಕೋರ್ಟಿನಲ್ಲಿ ನಿಲ್ಲಿಸಬೇಕು. ಅಷ್ಟರೊಳಗೆ ಬೇರೇನೂ ಸಿಗದಿದ್ದರೆ ಅಲ್ಲಿಂದ ಅವನು ನೇರ ಜೈಲಿಗೆ.

ದೀಪ ಒಡೆದದ್ದು ಬೇಕರಿಯ ಗೇಟಿಗೆ ತಗುಲಿ ಎಂದು ಅವನು ಹೇಳಿದ್ದ. ಅದನ್ನು ಯಾರೂ ಕಂಡಿರಲಿಲ್ಲ. ತಿರುವನ್ನು ತಾನು ನಿಧಾನವಾಗಿಯೇ ದಾಟಿದೆ, ಯಾಕೆಂದರೆ ಗಾಡಿಯಲ್ಲಿದ್ದ, ಈಗ ಜೀಪಿಗೆ ತಂದಿಟ್ಟ ಇದೇ ಪೆಟ್ಟಿಗೆ ಕೂಗಿತು, ಕ್ಯಾಮೆರಾ ಇದೆಯೆಂದು ವೇಗ ಇಳಿಸಿದೆ ಎಂದೂ ಹೇಳಿದ್ದ. ಅಲ್ಲೇ ಅವನ ಗ್ರಹಚಾರ ಕೆಟ್ಟದ್ದು. ಸೇತುವೆಯಿಂದ ಮುಂದೆ ಎರಡು ಮೈಲಿಯವರೆಗೆ ಒಂದು ಕ್ಯಾಮೆರಾ ಕಂಬವೂ ಇಲ್ಲ. ಸಬ್ ಇನ್ಸ್‌ಪೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕು, 'ಆರೋಪಿ ಸುಳ್ಳು ಹೇಳುತ್ತಿದ್ದಾನೆ' ಎಂದು ಬರೆದು ಅಡಿಗೆರೆ ಎಳೆದಿದ್ದ.

ನಿಧಾನಪ್ಪ ಜೀಪಿನಿಂದ ಇಳಿದರು. ರಸ್ತೆಯಂಚಿನಲ್ಲಿ ಯಾರೋ ಮರಳು ಎರಚಿದ್ದರು. ಅದರ ಒಂದು ಮೂಲೆ ಇನ್ನೂ ಕಂದು ಬಣ್ಣಕ್ಕಿತ್ತು. ಸತ್ತವನನ್ನು ಜೊತೆಗಾರರು ಶಿಳ್ಳೆಯಣ್ಣ ಎನ್ನುತ್ತಿದ್ದರಂತೆ. ಡಾಂಬರಿನ ಹೊಗೆಯಲ್ಲೂ ಶಿಳ್ಳೆ ಹಾಕುತ್ತಲೇ ಇರುತ್ತಿದ್ದನಂತೆ. ಅವರು ಟೋಪಿ ತೆಗೆದು, ಕಣ್ಣು ಮುಚ್ಚಿ, ಒಂದು ನಿಮಿಷ ಅಲ್ಲೇ ನಿಂತರು.

ಕಣ್ಣು ತೆರೆದಾಗ ಅವರ ಮನಸ್ಸಿನಲ್ಲಿ ಒಂದು ಯೋಚನೆ ಕೂತುಬಿಟ್ಟಿತ್ತು. ಸುಳ್ಳು ಹೇಳುವವನು ನಂಬುವಂಥದ್ದನ್ನು ಹುಡುಕಿ ಹೇಳುತ್ತಾನೆ. ಕುರುಡನಿಗೂ ಗೊತ್ತಾಗುವ ಹಾಗೆ ಕಂಬವೇ ಇಲ್ಲದ ಜಾಗದಲ್ಲಿ ಕ್ಯಾಮೆರಾ ಇತ್ತು ಎಂದು ಯಾವ ಸುಳ್ಳುಗಾರ ಹೇಳಿಯಾನು?

"ಈ ಪೆಟ್ಟಿಗೆ ಮಾರಿದೋನ ಹತ್ರ ಹೋಗೋಣಮ್ಮ," ಎಂದರು.

*

ಟೈರಿನ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಕಿರಿದಾದ ಮಳಿಗೆ ಅದು. ಗೋಡೆಯ ತುಂಬ ಅಲರ್ಟ್ ಪೆಟ್ಟಿಗೆಗಳು. ಒಂದೊಂದೂ ತನ್ನ ದೀಪವನ್ನು ತನಗೆ ತೋಚಿದ ಲಯದಲ್ಲಿ ಮಿಟುಕಿಸುತ್ತಿತ್ತು. ಬೆಸುಗೆ ಹಾಕಿದ ವಾಸನೆ ಇನ್ನೂ ಗಾಳಿಯಲ್ಲಿತ್ತು. ಅಂಗಡಿಯವನು ನಲವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. ಪೊಲೀಸರನ್ನು ಕಂಡೊಡನೆ ಎದ್ದು ನಿಂತ, ಕೂರುವುದನ್ನು ಮರೆತ.

ಕಾನೂನು ಈ ಪೆಟ್ಟಿಗೆಗಳನ್ನು ಕಂಡೂ ಕಾಣದ ಹಾಗೆ ಬಿಟ್ಟಿತ್ತು. ನಿಧಾನಪ್ಪ ತಾನು ಅದಕ್ಕಾಗಿ ಬಂದವನಲ್ಲ, ಲಾಕಪ್ಪಿನಲ್ಲಿರುವ ಬ್ರೆಡ್ ವ್ಯಾನಿನ ಚಾಲಕನ ವಿಷಯಕ್ಕೆ ಬಂದದ್ದು ಎಂದ ಮೇಲೆ ಅಂಗಡಿಯವನ ಉಸಿರು ಸ್ವಲ್ಪ ಕೆಳಗಿಳಿಯಿತು. ಪೆಟ್ಟಿಗೆಯ ಕೆಲಸವನ್ನು ಅವನು ಬಿಡಿಸಿ ಹೇಳಿದ. ಒಂದೊಂದರಲ್ಲೂ ಎರಡು ಗುಂಡಿ. ದಾರಿಯಲ್ಲಿ ಹೊಸ ಕ್ಯಾಮೆರಾ ಕಂಡವರು ಹಸಿರು ಗುಂಡಿ ಒತ್ತಬೇಕು. ಆ ಜಾಗದ ಗುರುತು ಊರಿನ ಎಲ್ಲ ಪೆಟ್ಟಿಗೆಗಳಿಗೂ ಹೋಗುತ್ತದೆ, ಆಮೇಲೆ ಅಲ್ಲಿಗೆ ಬರುವ ಎಲ್ಲರಿಗೂ ಅದು ಮುನ್ನೂರು ಮೀಟರ್ ಮೊದಲೇ ಕೂಗುತ್ತದೆ. ಕೂಗಿದ ಕಡೆ ಕ್ಯಾಮೆರಾ ಕಾಣದಿದ್ದರೆ ಕೆಂಪು ಗುಂಡಿ. ಮೂರು ಗಾಡಿಯವರು ಕೆಂಪು ಒತ್ತಿದರೆ ಗುರುತು ತಾನಾಗಿ ಅಳಿಸಿಹೋಗುತ್ತದೆ. ಯಾವ ನಂಬರಿನ ಪೆಟ್ಟಿಗೆ ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ವೇಗದಲ್ಲಿತ್ತು ಎಂಬುದೆಲ್ಲ ತನ್ನ ಕಂಪ್ಯೂಟರಿಗೆ ಬಂದು ಬೀಳುತ್ತದೆ.

"ಹಾಗಾದ್ರೆ ನಿನ್ನೆದು ತೆಗೀರಿ," ಎಂದರು ನಿಧಾನಪ್ಪ.

ಕಾಗದ ಹೊರಬಂತು. ನಿನ್ನೆ ಬೆಳಗ್ಗೆ ಏಳು ಐದಕ್ಕೆ ಯಾರೋ ಆ ತಿರುವಿನಲ್ಲಿ ಹಸಿರು ಒತ್ತಿದ್ದರು. ಒಂಬತ್ತೂವರೆಗೆ ಒಬ್ಬರು, ಹತ್ತು ಹತ್ತಕ್ಕೆ ಇನ್ನೊಬ್ಬರು ಕೆಂಪು ಒತ್ತಿದ್ದರು. ಹತ್ತು ನಲವತ್ತನಾಲ್ಕಕ್ಕೆ ಬ್ರೆಡ್ ವ್ಯಾನಿನ ಪೆಟ್ಟಿಗೆ ಬಂದಿತ್ತು, ಇಪ್ಪತ್ತೆಂಟರ ವೇಗದಲ್ಲಿ. ತಿರುವು ದಾಟಿದೊಡನೆ ಅದರಿಂದಲೂ ಕೆಂಪು. ಅದು ಮೂರನೆಯದು. ಗುರುತು ಅಲ್ಲಿಗೆ ಅಳಿಸಿಹೋಗಿತ್ತು. ಬ್ರೆಡ್ ವ್ಯಾನು ಮಾತ್ರ ಅರ್ಧ ಮೈಲಿ ಮುಂದಿನ ದಿನಸಿ ಅಂಗಡಿಯ ಮುಂದೆ ಹತ್ತು ನಲವತ್ತೇಳರಿಂದ ಹತ್ತು ಐವತ್ತೆಂಟರವರೆಗೆ ಕದಲದೆ ನಿಂತಿತ್ತು.

ಹತ್ತು ಐವತ್ತಕ್ಕೆ ಅದು ಅಲ್ಲಿ ನಿಂತಿದ್ದರೆ ಇಲ್ಲಿ ಗುದ್ದುವುದು ಹೇಗೆ? ನಿಧಾನಪ್ಪ ಕಾಗದವನ್ನು ಎರಡು ಸಲ ಓದಿದರು.

"ಆ ಮನುಷ್ಯ ಬಿಡುಗಡೆ ಆಗ್ತಾನಲ್ವಾ ಸಾರ್?" ಎಂದು ಅಂಗಡಿಯವನೇ ಕೇಳಿದ. ಅವನ ದನಿಯಲ್ಲಿ ಕಳಕಳಿ ಇತ್ತು. ಕಂಡರಿಯದ ಚಾಲಕನಿಗಾಗಿ ಇಷ್ಟು ಮರುಗುವ ಜೀವ ಈ ಕಾಲದಲ್ಲಿ ಅಪರೂಪ ಎಂದುಕೊಂಡರು ನಿಧಾನಪ್ಪ.

ಹತ್ತು ನಲವತ್ತನಾಲ್ಕರ ನಂತರ ಆ ತಿರುವಿನಲ್ಲಿ ಮತ್ಯಾರ ಪೆಟ್ಟಿಗೆ ಹಾದುಹೋಯಿತೆಂದು ಕೇಳಿದರು. ಹನ್ನೊಂದು ಎಂಟರವರೆಗೆ ಯಾರದ್ದೂ ಇಲ್ಲ ಎಂದ ಅವನು. ಅರ್ಧ ಊರಿನ ಗಾಡಿಗಳಲ್ಲಿ ನಿಮ್ಮ ಪೆಟ್ಟಿಗೆಯೇ ಇರುವಾಗ ಇಪ್ಪತ್ತು ನಿಮಿಷ ಒಂದೂ ಹಾಯಲಿಲ್ಲವೇ ಎಂದು ಪೇದೆ ಹುಬ್ಬೇರಿಸಿದಳು. ಉಳಿದರ್ಧ ಊರಿಗೂ ರಸ್ತೆ ಬೇಕಲ್ಲ ಮೇಡಂ ಎಂದು ಅವನು ನಗಲು ನೋಡಿದ. ಕಾಗದದಲ್ಲಿ ಬ್ರೆಡ್ ವ್ಯಾನಿನ ಕೆಂಪಿಗೂ ಹನ್ನೊಂದು ಎಂಟಕ್ಕೂ ನಡುವೆ ಒಂದು ಬೆರಳಗಲ ಖಾಲಿ ಇತ್ತು. ಹಳೆಯ ಪ್ರಿಂಟರು, ಕಾಗದ ಜಾರಿರಬೇಕು ಎಂದು ನಿಧಾನಪ್ಪ ಅದನ್ನು ಮಡಚಿ ಜೇಬಿಗಿಟ್ಟರು.

ಸಹಿಯಿಲ್ಲದ ಕಾಗದವನ್ನು ಕೋರ್ಟು ಒಪ್ಪುವುದಿಲ್ಲ, ಎರಡೂವರೆಗೆ ಠಾಣೆಗೆ ಬಂದು ನನ್ನೆದುರಿಗೆ ಸಹಿ ಮಾಡಿ, ಮೂರಕ್ಕೆ ನ್ಯಾಯಾಧೀಶರ ಮುಂದೆ 'ಇದು ನನ್ನ ಕಂಪ್ಯೂಟರಿನದ್ದೇ' ಎಂದು ಒಂದು ಮಾತು ಹೇಳಬೇಕು ಎಂದರು. ಅಂಗಡಿಯ ಮೊಹರು ಒತ್ತಿಕೊಟ್ಟರೆ ಸಾಲದೇ ಎಂದು ಕೇಳಿದ ಅಂಗಡಿಯವನು. ಸಾಲದು ಎಂದಾಗ ಒಂದು ಲೋಟ ನೀರು ಕುಡಿದ, ಇನ್ನೊಂದು ಬಗ್ಗಿಸಿಕೊಂಡ, ಆಮೇಲೆ ಬರುತ್ತೇನೆ ಎಂದ.

ಇನ್ನು ಉಳಿದದ್ದು ಬೆಳಗ್ಗೆ ಹಸಿರು ಒತ್ತಿದ ಪೆಟ್ಟಿಗೆ. ಅದರ ಹಿಂದಿನ ದಿನಗಳನ್ನು ತೆಗೆಸಿದರೆ ವಿಚಿತ್ರವೇ ಕಂಡಿತು. ಎಂಟು ತಿಂಗಳಿಂದ ಅದು ದಿನಾ ಬೆಳಗ್ಗೆ ಒಂದೊಂದು ಹೊಸ ಜಾಗದಲ್ಲಿ ಕ್ಯಾಮೆರಾ ಹುಟ್ಟಿಸಿತ್ತು: ಆಸ್ಪತ್ರೆಯ ಮೂಲೆ, ಶಾಲೆಯ ಮುಂದಿನ ಇಳಿಜಾರು, ಮಾರುಕಟ್ಟೆಯ ಹಿಂದಿನ ರಸ್ತೆ. ಎಲ್ಲಿಯೂ ಕ್ಯಾಮೆರಾ ಇಲ್ಲ.

ಪೇದೆ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ನಿಂತಳು. "ಸಾರ್," ಎಂದಳು ಆಮೇಲೆ, "ಈ ಜಾಗಗಳಲ್ಲೆಲ್ಲ ನಮ್ಮ ಜೀಪು ಕುಲುಕೋದು ನಿಂತಿದೆ."

*

ರಸ್ತೆ ಇಲಾಖೆಯ ಶೆಡ್ಡಿನಲ್ಲಿ ಡಾಂಬರಿನ ಪೀಪಾಯಿಗಳ ನಡುವೆ ಮೇಸ್ತ್ರಿ ಒಬ್ಬನೇ ಕೂತು ಸಲಿಕೆಗಳಿಗೆ ಸೀಮೆಎಣ್ಣೆ ಸವರುತ್ತಿದ್ದ. ಸಲಿಕೆಗೆ ಅಂಟಿದ ಡಾಂಬರು ಬಿಡುವುದು ಹಾಗೆಯೇ. ಐವತ್ತೈದು ದಾಟಿದ ಅಗಲ ಹೆಗಲಿನ ಆಳು. ಆರು ಸಲಿಕೆ ಒರೆಸಿ ಜೋಡಿಸಿದ್ದ. ಏಳನೆಯದನ್ನು ಮಾತ್ರ ಮುಟ್ಟದೆ ಗೋಡೆಗೆ ಒರಗಿಸಿಟ್ಟಿದ್ದ. ಅದು ಯಾರದೆಂದು ನಿಧಾನಪ್ಪ ಕೇಳಲಿಲ್ಲ.

ಕಾಗದ ನೋಡಿದ ಮೇಲೆ ಅವನು ಅಲ್ಲಗಳೆಯುವ ಗೋಜಿಗೆ ಹೋಗಲಿಲ್ಲ.

"ಕೆಂಪು ಬಾವುಟ ನೆಟ್ಟೆ ಸಾರ್. ಬೋರ್ಡು ಇಟ್ಟೆ. ಕೈ ಬೀಸೋಕೆ ಒಬ್ಬನನ್ನ ನಿಲ್ಲಿಸ್ದೆ. ಯಾರೂ ನಿಧಾನ ಮಾಡ್ಲಿಲ್ಲ. ಹೋದ ವರ್ಷ ನನ್ನ ಕಡೆಯವನೊಬ್ಬನ ಕಾಲು ಹೋಯ್ತು. ಆಮೇಲೆ ಈ ಪೆಟ್ಟಿಗೆ ತಗೊಂಡೆ. ರಸ್ತೇಲಿ ಮನುಷ್ಯರಿದ್ದಾರೆ ಅಂದ್ರೆ ಬ್ರೇಕು ಒತ್ತದೋರು, ಕ್ಯಾಮೆರಾ ಇದೆ ಅಂದ್ರೆ ಒತ್ತುತ್ತಾರೆ."

ದಿನಾ ಕೆಲಸ ಶುರು ಮಾಡುವ ಮೊದಲು ತಾನೇ ಆ ಜಾಗದಲ್ಲಿ ಒಂದು ಸುಳ್ಳು ಕ್ಯಾಮೆರಾ ಇಡುತ್ತಿದ್ದೆ ಎಂದ. ಮಧ್ಯಾಹ್ನದೊಳಗೆ ಯಾರಾದರೂ ಅಳಿಸುತ್ತಿದ್ದರು. ಅದಕ್ಕೇ ಗಂಟೆಗೊಮ್ಮೆ ನೋಡಿ ಮತ್ತೆ ಒತ್ತುತ್ತಿದ್ದ. ಎಂಟು ತಿಂಗಳಲ್ಲಿ ಅವನ ಕಡೆಯವರ ಮೈಗೆ ಒಂದು ಕಲ್ಲೂ ಸಿಡಿದಿರಲಿಲ್ಲ. ನಿನ್ನೆ ಹತ್ತೂವರೆಗೆ ಲಾರಿಯಲ್ಲಿ ಬಿಸಿ ಡಾಂಬರು ಬಂತು. ಅದು ಆರುವುದರೊಳಗೆ ಹರಡಬೇಕು. ಪೆಟ್ಟಿಗೆ ನೋಡಲು ಬಿಡುವಾಗಲಿಲ್ಲ.

"ಇಲಾಖೆಗೆ ಗೊತ್ತಾದ್ರೆ ಮನೆಗೆ ಕಳಿಸ್ತಾರೆ, ಕಳಿಸ್ಲಿ," ಎಂದು ಸಲಿಕೆಯನ್ನು ಕೆಳಗಿಟ್ಟ. "ಸುಳ್ಳಿನ ಆಸರೇಲಿ ಏಳು ಜನರನ್ನ ನಿಲ್ಲಿಸಿದ್ದೆನಲ್ಲ ಸಾರ್, ದೇವರು ಅದನ್ನ ಯಾವ ಕಡೆ ಬರ್ಕೊಂಡಿರ್ತಾನೆ?"

ಮೇಲೊಬ್ಬ ನೋಡುತ್ತಿದ್ದಾನೆ ಎಂದು ಅಜ್ಜಂದಿರ ಕಾಲದಿಂದ ಹೇಳಿಸಿಕೊಂಡೂ ಬೆದರದ ಮನುಷ್ಯ, ಕಂಬದ ಮೇಲೆ ಗಾಜಿನ ಕಣ್ಣೊಂದಿದೆ ಎಂದೊಡನೆ ವಿನಯವಂತನಾಗುತ್ತಾನೆ. ಅದೂ ಆ ಕಣ್ಣಿನ ಎದುರಿಗಿರುವಷ್ಟು ದೂರ ಮಾತ್ರ. ಈ ಮೇಸ್ತ್ರಿ ಆ ಅಂಜಿಕೆಯನ್ನೇ ಹಿಡಿದು ಬೇಲಿ ಕಟ್ಟಿದ್ದ. ಅದನ್ನು ಪಾಪವೆಂದು ಬರೆಯಲು ನಿಧಾನಪ್ಪನವರ ಕೈ ಏಳಲಿಲ್ಲ.

ಅಂಗಡಿಯವನ ಕಾಗದ ಒಂದೇ ಸಾಕಾದೀತು, ನಿಮ್ಮನ್ನು ಕರೆಯುವ ಹಾಗಾದರೆ ಹೇಳಿಕಳಿಸುತ್ತೇನೆ ಎಂದು ಹೇಳಿ ಅಲ್ಲಿಂದ ಹೊರಟರು.

*

ಲಾಕಪ್ಪಿನ ಸರಳುಗಳ ಹಿಂದೆ ಬ್ರೆಡ್ ಗಾಡಿಯವನು ಮೊಣಕಾಲು ಅಪ್ಪಿಕೊಂಡು ಕೂತಿದ್ದ. ಮೂವತ್ತರ ಹರೆಯ. ಅಂಗಿಯ ತೋಳಿನಲ್ಲಿ ಇನ್ನೂ ಹಿಟ್ಟಿನ ಬಿಳಿ. ನಿಧಾನಪ್ಪ ಒಂದು ಸ್ಟೂಲು ಎಳೆದುಕೊಂಡು ಅವನ ಎದುರಿಗೇ ಕೂತರು.

ಕಾಗದದಲ್ಲಿದ್ದುದನ್ನು ಅವರು ಮೊದಲಿನಿಂದ ಹೇಳಿದರು. ಪೆಟ್ಟಿಗೆ ಕೂಗಿದ್ದು ನಿಜ. ವೇಗ ಇಪ್ಪತ್ತೆಂಟು, ಅದೂ ನಿಜ. ಸಾವಿನ ಹೊತ್ತಿಗೆ ಅವನ ಗಾಡಿ ದಿನಸಿ ಅಂಗಡಿಯ ಮುಂದೆ ನಿಂತಿತ್ತು. ಅವನು ಕೇಳುತ್ತಾ ಕೇಳುತ್ತಾ ಸರಳು ಹಿಡಿದು ಎದ್ದು ನಿಂತ. ಕಣ್ಣಲ್ಲಿ ನೀರಾಡಿತು.

ಪೆಟ್ಟಿಗೆ ಅಲ್ಲಿ ಯಾಕೆ ಕೂಗಿತು ಎಂಬುದನ್ನೂ ಹೇಳಿದರು: ಮೇಸ್ತ್ರಿಯ ಸುಳ್ಳು ಗುರುತು, ಅದು ಕಾಯುತ್ತಿದ್ದ ಏಳು ಜನ, ಮೂರು ಕೆಂಪಿಗೆ ಅದು ಅಳಿಸಿಹೋದದ್ದು. "ಮೂರನೇದು ನಿನ್ನ ಗಾಡಿಯಿಂದ. ಹೋಗಲಿ ಬಿಡು, ನಿನಗೇನು ಗೊತ್ತಿತ್ತು?"

ಅವನ ಮುಖದ ಬಣ್ಣ ಇಳಿದುಹೋಯಿತು. ಸರಳು ಬಿಟ್ಟು ಹಿಂದಕ್ಕೆ ಸರಿದ.

"ಆ ಕಾಗದ ಕೋರ್ಟಿಗೆ ಕೊಡಬೇಡಿ ಸಾರ್."

"ಅದು ನಿನ್ನನ್ನ ಬಿಡಿಸೋ ಕಾಗದ ಕಣಯ್ಯ."

"ಬೇಡ ಸಾರ್. ನಾನೇ ಗುದ್ದಿದೆ ಅಂತ ಬರ್ಕೊಳ್ಳಿ. ಎಲ್ಲಿ ಹೇಳ್ತೀರೋ ಅಲ್ಲಿ ಹೆಬ್ಬೆಟ್ಟು ಒತ್ತುತ್ತೀನಿ."

ಮೂವತ್ತೊಂದು ವರ್ಷದಲ್ಲಿ ತಪ್ಪಿಲ್ಲ ಎಂದು ಗೋಗರೆದವರನ್ನು ನಿಧಾನಪ್ಪ ಬೇಕಾದಷ್ಟು ಕಂಡಿದ್ದರು. ಬಾಗಿಲು ತೆರೆದಾಗ ಒಳಗೇ ಇರುತ್ತೇನೆಂದವನನ್ನು ಇವತ್ತೇ ಕಂಡದ್ದು. ಅವರು ಅವಸರಪಡಲಿಲ್ಲ. ಜೇಬಿನಿಂದ ಕಾಗದ ತೆಗೆದು ಮೂರನೆಯ ಕೆಂಪಿನ ಸಾಲನ್ನು ಇನ್ನೊಮ್ಮೆ ಓದಿದರು.

"ಗಾಡೀಲಿ ಇನ್ಯಾರಿದ್ರು?" ಎಂದರು ಆಮೇಲೆ.

ಅವನು ಗೋಡೆಗೆ ಮುಖ ಮಾಡಿ ನಿಂತು ಹೇಳಿದ. ಬೇಕರಿಯ ಗಾಡಿಯಲ್ಲಿ ಬೇರೆಯವರನ್ನು ಕೂರಿಸಿದರೆ ಕೆಲಸ ಹೋಗುತ್ತದೆ, ಅದಕ್ಕೇ ಒಬ್ಬನೇ ಇದ್ದೆ ಎಂದಿದ್ದ. ಇದ್ದದ್ದು ಅವನ ತಾಯಿ. ಎರಡು ವರ್ಷದಿಂದ ಎರಡು ಕಣ್ಣಿಗೂ ಪೊರೆ. ಆಪರೇಷನ್ ಆಗಿ ನಿನ್ನೆ ಬೆಳಗ್ಗೆಯಷ್ಟೇ ಪಟ್ಟಿ ಬಿಚ್ಚಿದ್ದರು. ಆಸ್ಪತ್ರೆಯಿಂದ ಮನೆಗೆ ಬಿಡುವ ದಾರಿ ಅದು. ಆಕೆ ಮಗುವಿನ ಹಾಗೆ ಕಂಡ ಕಂಡ ಬೋರ್ಡನ್ನೆಲ್ಲ ಜೋರಾಗಿ ಓದುತ್ತಾ ಬಂದಳಂತೆ. ಸೇತುವೆ ಇಳಿಯುವಾಗ ಪೆಟ್ಟಿಗೆ ಕೂಗಿತು.

"ಎಲ್ಲೋ ನಿನ್ನ ಕ್ಯಾಮೆರಾ, ನನಗೊಂದೂ ಕಾಣ್ತಿಲ್ವಲ್ಲ ಅಂದ್ಲು ಸಾರ್. ನಾನು ತಮಾಷೆಗೆ, ಕಾಣದಿದ್ರೆ ಆ ಕೆಂಪು ಗುಂಡಿ ಒತ್ತಮ್ಮ, ಹಿಂದೆ ಬರೋರಿಗೆ ಸುಮ್ನೆ ತೊಂದ್ರೆ ಯಾಕೆ ಅಂದೆ. ಒತ್ತಿದ್ಲು. ನನ್ನ ಕಣ್ಣು ಈಗ ನಿನ್ನ ಪೆಟ್ಟಿಗೆಗಿಂತ ವಾಸಿ ಅಂತ ನಕ್ಕಳು."

ಅವನು ಗೋಡೆಗೆ ಹಣೆ ಒತ್ತಿದ.

"ಅವಳು ಇರುವೆ ಸಾಲು ಕಂಡ್ರೂ ಸುತ್ತು ಹಾಕ್ಕೊಂಡು ಹೋಗೋಳು ಸಾರ್. ದೇವರು ಕಣ್ಣು ವಾಪಸ್ ಕೊಟ್ಟ ದಿನ ಅವಳು ಮಾಡಿದ ಮೊದಲ್ನೇ ಕೆಲಸ ಅದು. ಅದರಿಂದ ಒಂದು ಜೀವ ಹೋಯ್ತು ಅಂತ ಅವಳು ಕೋರ್ಟಲ್ಲಿ ನಿಂತು ಕೇಳಿಸ್ಕೋಬೇಕಾ? ಅದಕ್ಕಿಂತ ನಾನು ಒಳಗಿರ್ತೀನಿ. ಜೈಲಲ್ಲಾದ್ರೂ ನಿದ್ದೆ ಬರುತ್ತೆ."

ಜೀವ ತೆಗೆದದ್ದು ಗುಂಡಿ ಒತ್ತಿದ ಬೆರಳಲ್ಲ, ಮನುಷ್ಯರ ಮೇಲೆ ಗಾಡಿ ಹರಿಸಿ ನಿಲ್ಲದೆ ಹೋದ ಕಾಲು ಎಂದು ನಿಧಾನಪ್ಪ ಹೇಳಿದರು. ಅದು ನಿಜವಾಗಿತ್ತು. ಆದರೆ ಆ ನಿಜದಿಂದ ತಾಯಿಯೊಬ್ಬಳ ನಿದ್ದೆ ಉಳಿಯದು ಎಂಬುದೂ ಇಬ್ಬರಿಗೂ ಗೊತ್ತಿತ್ತು.

ಕಡೆಗೆ ಅವರು ಎದ್ದು ಸರಳಿನೊಳಗೆ ಕೈ ಚಾಚಿ ಅವನ ಹೆಗಲು ಮುಟ್ಟಿದರು. ಕಾಗದದಲ್ಲಿ ಬರೀ ಪೆಟ್ಟಿಗೆಯ ನಂಬರಿದೆ, ಬೆರಳು ಯಾರದ್ದೆಂದು ಇಲ್ಲ. ಅಂಗಡಿಯವನ ಸಹಿ ಬಿದ್ದು ಅವನು ಒಂದು ಮಾತು ಹೇಳಿದರೆ ಮುಗಿಯಿತು. ಆಕೆಯನ್ನು ಯಾರೂ ಕೋರ್ಟಿಗೆ ಕರೆಯುವುದಿಲ್ಲ.

"ಮಾತು ಕೊಡ್ತೀರಾ ಸಾರ್?"

ನಿಧಾನಪ್ಪ ಸುಲಭಕ್ಕೆ ಮಾತು ಕೊಡುವವರಲ್ಲ. ಕೊಟ್ಟರು.

*

ಹೊರಗೆ ಬಂದರೆ ಮೊಗಸಾಲೆಯ ಬೆಂಚಿನ ಮೇಲೆ ಕಪ್ಪು ಕನ್ನಡಕ ಹಾಕಿದ ಮುದುಕಿಯೊಬ್ಬಳು ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಚೀಲದ ಬಾಯಲ್ಲಿ ಇಸ್ತ್ರಿ ಮಾಡಿದ ಅಂಗಿಯೊಂದು ಕಾಣುತ್ತಿತ್ತು. ಯಾರೆಂದು ಕೇಳಬೇಕಾಗಿರಲಿಲ್ಲ. ಗಂಟೆ ಎರಡೂ ಇಪ್ಪತ್ತು.

"ಕೋರ್ಟಿಗೆ ಹೋಗೋವಾಗ ಮಾಸಿದ ಅಂಗಿ ಯಾಕೆ ಅಂತ ತಂದೆ," ಎಂದಳು ಆಕೆ. "ಇನ್ನೊಂದು ಮಾತಿದೆ ಮಗಾ. ಅವನು ಒಬ್ಬನೇ ಇದ್ದೆ ಅಂತ ಹೇಳಿದ್ದಾನಂತೆ. ಸುಳ್ಳು. ನಾನಿದ್ದೆ. ನಾನು ಬಂದು ಹೇಳ್ತೀನಿ."

ನಿಧಾನಪ್ಪ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಮೆಲ್ಲಗೆ ಅವಳನ್ನು ಮನೆಗೆ ಕಳಿಸಲು ನೋಡಿದರು. ಮಗನನ್ನು ಬಿಡಿಸಲು ಕಾಗದ ಸಿಕ್ಕಿದೆ, ಸಂಜೆಗೆ ಅವನೇ ಬರುತ್ತಾನೆ, ಹೊಸ ಕಣ್ಣಿಗೆ ಬಿಸಿಲು ಒಳ್ಳೆಯದಲ್ಲ ಎಂದೆಲ್ಲ ಹೇಳಿದರು. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು. ಬೆಂಚು ಬಿಟ್ಟು ಏಳಲಿಲ್ಲ.

"ಇವನು ಬ್ರೆಡ್ಡಿನ ಟ್ರೇ ಹೊತ್ಕೊಂಡು ದಿನಸಿ ಅಂಗಡಿ ಒಳಗೆ ಹೋಗಿದ್ದ," ಎಂದಳು. "ನಾನು ಸೆಕೆ ಅಂತ ಬಾಗಿಲು ತೆಗ್ದು ಕೂತಿದ್ದೆ. ತಿರುವಿನ ಕಡೆಯಿಂದ ಇನ್ನೊಂದು ಬಿಳೀ ಗಾಡಿ ಬಂತು. ಏನು ಬರೋದು ಅಂತೀಯ, ನಮ್ಮ ಬಾಗಿಲನ್ನ ಸವರ್ಕೊಂಡೇ ಹೋಯ್ತು. ಓಡಿಸ್ತಿದ್ದೋನು ಮುಂದೆ ನೋಡ್ತಿರ್ಲಿಲ್ಲ. ಕುತ್ತಿಗೆ ತಿರುಗಿಸಿ ಹಿಂದಕ್ಕೆ ನೋಡ್ತಿದ್ದ."

ನಿಧಾನಪ್ಪನವರ ಬೆನ್ನು ನೆಟ್ಟಗಾಯಿತು. ಈ ಸಾಕ್ಷಿಯನ್ನು ಮಗ ಹೇಳಿರಲಿಲ್ಲ; ಅಂಗಡಿಯೊಳಗಿದ್ದವನಿಗೆ ಗೊತ್ತಿರಲಿಕ್ಕೂ ಇಲ್ಲ.

"ಮುಖ ನೋ‌ಡಿದ್ರಾ ಅಮ್ಮ?"

"ಎರಡು ವರ್ಷ ಮುಖ ಅನ್ನೋದನ್ನೇ ನೋಡದೆ ಇದ್ದೋಳು ನಾನು. ನಿನ್ನೆ ಎದುರಿಗೆ ಬಂದ ಒಂದು ಮುಖಾನೂ ಬಿಟ್ಟಿಲ್ಲ."

ಪೊರೆ ತೆಗೆಸಿಕೊಂಡ ಮರುಗಳಿಗೆಯ ಕಣ್ಣು. ಆರೋಪಿಯ ಹೆತ್ತ ತಾಯಿ. ಯಾವ ವಕೀಲನಾದರೂ ಎರಡು ಪ್ರಶ್ನೆಯಲ್ಲಿ ಇವಳನ್ನು ಕೂರಿಸಿಬಿಡುತ್ತಾನೆ. ಪುಣ್ಯಕ್ಕೆ ಅಂಗಡಿಯವನ ಕಾಗದವಿದೆ. ಮೊದಲು ಮಗ ಹೊರಗೆ ಬರಲಿ, ಗುದ್ದಿದವನನ್ನು ಹುಡುಕಲು ನಾಳೆ ಎಂಬ ದಿನವಿದೆ ಎಂದು ಅವರು ಲೆಕ್ಕ ಹಾಕುತ್ತಿರುವಾಗಲೇ ಗೇಟಿನ ಬಳಿ ಆಟೊ ನಿಂತಿತು.

ಪೆಟ್ಟಿಗೆ ಅಂಗಡಿಯವನು ಇಳಿದು ಬಂದ. ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ. ಬೆಂಚಿನ ಎದುರಿಗೇ ಇದ್ದ ಬರವಣಿಗೆಯ ಮೇಜಿಗೆ ಪೇದೆ ಅವನನ್ನು ಕೂರಿಸಿ ಕಾಗದ ಬಿಡಿಸಿಟ್ಟಳು. ಅವನು ಹಣೆಯ ಬೆವರು ಒರೆಸಿಕೊಂಡು, ಜೇಬಿನಿಂದ ತನ್ನದೇ ಪೆನ್ನು ತೆಗೆದು, ಎಲ್ಲಿ ಹಾಕಲಿ ಎಂಬಂತೆ ನಿಧಾನಪ್ಪನವರತ್ತ ನೋಡಿದ.

ಮುದುಕಿ ಕನ್ನಡಕವನ್ನು ಹಣೆಗೇರಿಸಿದಳು. ಅವಳ ಕೈ ನಿಧಾನಪ್ಪನವರ ತೋಳಿನ ಮೇಲೆ ಬಂದು ಕೂತಿತು.

"ಅವನೇ," ಎಂದಳು, ಅವರಿಗಷ್ಟೇ ಕೇಳುವ ಹಾಗೆ.

ಬೆರಳಗಲದ ಆ ಖಾಲಿ ಜಾಗ ಈಗ ನಿಧಾನಪ್ಪನವರಿಗೆ ಓದಲು ಬಂತು. ಅಲ್ಲೊಂದು ಸಾಲಿತ್ತು. ಅದನ್ನು ಅಳಿಸಿದ ಕೈಯೇ ನಿರಪರಾಧಿಯೊಬ್ಬ ಜೈಲಿಗೆ ಹೋಗದಿರಲೆಂದು ಉಳಿದ ಸಾಲುಗಳನ್ನು ತೆಗೆದುಕೊಟ್ಟಿತ್ತು. ಊರಿಗೆಲ್ಲ ಪೆಟ್ಟಿಗೆ ಮಾರಿದವನು ತನ್ನ ಪೆಟ್ಟಿಗೆ ಕೂಗದಿದ್ದುದನ್ನೇ ನಂಬಿ ತಿರುವಿನಲ್ಲಿ ಆಕ್ಸಿಲರೇಟರ್ ತುಳಿದಿದ್ದ.

ಈಗ ಹಿಡಿದರೆ ಸಹಿ ಇಲ್ಲ. ಸಹಿ ಇಲ್ಲದಿದ್ದರೆ ಕಾಗದಕ್ಕೆ ಬೆಲೆ ಇಲ್ಲ, ಉಳಿಯುವುದು ಈ ತಾಯಿಯ ಎರಡು ಕಣ್ಣು ಮಾತ್ರ. ಅವಳನ್ನು ಕಟಕಟೆಗೆ ಹತ್ತಿಸಿದರೆ ಕೆಂಪು ಗುಂಡಿಯ ಮಾತು ಬಂದೇ ಬರುತ್ತದೆ. ಕೊಟ್ಟ ಮಾತಿಗೆ ಕಾಲು ಗಂಟೆಯೂ ಆಗಿರಲಿಲ್ಲ. ಸಹಿ ಬೀಳಲಿ, ಮೊದಲು ಅದೊಂದು ಬೀಳಲಿ. ಅವರು ಆಕೆಯ ಕೈಯನ್ನು ಮೆತ್ತಗೆ ಒತ್ತಿ, ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿಕೊಂಡರು. ಆಮೇಲೆ ಮೇಜಿನವನಿಗೆ ಕಾಗದದ ಕೆಳಮೂಲೆಯನ್ನು ತೋರಿಸಿದರು.

ಪೆನ್ನು ಕಾಗದಕ್ಕಿಳಿಯಿತು.

ಆದರೆ ಕಣ್ಣಿನ ಬೇಡಿಕೆಗಳನ್ನು ಓದುವ ಅಭ್ಯಾಸ ಎರಡು ವರ್ಷದಲ್ಲಿ ಆಕೆಗೆ ತಪ್ಪಿಹೋಗಿತ್ತು. ಚೀಲವನ್ನು ಬೆಂಚಿನ ಮೇಲಿಟ್ಟು ಎದ್ದಳು. ನಾಲ್ಕು ಹೆಜ್ಜೆ ನಡೆದು ಮೇಜಿನ ಮುಂದೆ ನಿಂತಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಜ್ವರ ಬಂದವನನ್ನು ವಿಚಾರಿಸುವ ಹಾಗಿತ್ತು.

"ನಿನ್ನೆ ಅಷ್ಟು ಬಿಳಿಚಿಕೊಂಡಿದ್ದೆಯಲ್ಲಪ್ಪ, ಗಾಡಿಯೊಳಗೆ. ಏನಾಗಿತ್ತು ನಿನಗೆ?"

ಹೆಸರಿನ ಮೊದಲ ಎರಡು ಅಕ್ಷರ ಬರೆದಿದ್ದ ಪೆನ್ನು ಅಲ್ಲೇ ನಿಂತಿತು.